ಅಟ್ಟದಲ್ಲಿ ಸಿಕ್ಕ ಸ್ಪೆಕ್ಟ್ರಮ್ ಮತ್ತು ಅಣ್ಣ ಬರೆದ ಚೌಕಾಬಾರ

ಕ್ಯಾತ್ಸಂದ್ರದ ಹಳೇಮನೆ · ತುಮಕೂರು · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಕ್ಯಾತ್ಸಂದ್ರದ ನಮ್ಮ ಹೆಂಚಿನ ಮನೆಯನ್ನು ಕೆಡವಿ ಹೊಸದು ಕಟ್ಟಿಸುವುದೆಂದು ತೀರ್ಮಾನವಾದ ಮೇಲೆ ಕಳೆದ ವಾರ ಅಟ್ಟ ಖಾಲಿ ಮಾಡಲು ಕುಳಿತೆವು. ಹಿತ್ತಾಳೆಯ ಕೊಳಗ, ಮುರಿದ ಶ್ಯಾವಿಗೆ ಒರಳು, ಎಚ್‌ಎಂಟಿ ಕೈಗಡಿಯಾರದ ಖಾಲಿ ಡಬ್ಬಗಳು ಇವೆಲ್ಲದರ ಹಿಂದೆ ಒಂದು ತಗಡಿನ ಟ್ರಂಕಿತ್ತು. ಅದರೊಳಗೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಸಿಕ್ಕಿತು. ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಕೊಳ್ಳುವ ಬ್ರಿಟನ್ನಿನ ಮನೆ ಕಂಪ್ಯೂಟರ್ ಅದು. ರಬ್ಬರ್ ಕೀಲಿಗಳ, ಮೂಲೆಯಲ್ಲಿ ನಾಲ್ಕು ಬಣ್ಣದ ಓರೆ ಪಟ್ಟಿಯಿರುವ, 48ಕೆ ಮಾದರಿ. ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವ 1986ರಲ್ಲಿ ರಜೆಗೆ ಬಂದಾಗ ಅಣ್ಣನಿಗೆ ತಂದುಕೊಟ್ಟದ್ದು. ಅಣ್ಣ ಆಗ ಎಂಜಿನಿಯರಿಂಗ್ ಓದುತ್ತಿದ್ದ, ನಾನು ಆರನೆಯ ತರಗತಿ.

ಜೊತೆಯಲ್ಲಿ ಒಂಬತ್ತು ಕ್ಯಾಸೆಟ್‌ಗಳಿವೆ. ಎಂಟರಲ್ಲಿರುವುದು ಮಾವ ತಂದ ಆಟಗಳು. ಅವು ಹಾಳಾಗಿದ್ದರೂ ನನಗೆ ಚಿಂತೆಯಿಲ್ಲ, ಏಕೆಂದರೆ ಅವುಗಳ ಪ್ರತಿಗಳು ಇಂದು ಎಲ್ಲಿ ಬೇಕಾದರೂ ಸಿಗುತ್ತವೆ. ಒಂಬತ್ತನೆಯದು ಬೇರೆ. ಭಾವಗೀತೆಗಳಿದ್ದ ಕ್ಯಾಸೆಟ್ಟಿನ ಮೇಲೆ ಅಣ್ಣ ಅಳಿಸಿ ತುಂಬಿಕೊಂಡದ್ದು ಅದು, ಒಳಗಿನ ಚೀಟಿಯಲ್ಲಿ ಅವನದೇ ಕೈಬರಹವಿದೆ. ಅದರಲ್ಲಿ ಅವನೇ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಬರೆದ ಚೌಕಾಬಾರ ಆಟವಿದೆ. ಜಗತ್ತಿನಲ್ಲಿ ಅದಕ್ಕೆ ಎರಡನೆಯ ಪ್ರತಿ ಇಲ್ಲ. ಯಂತ್ರವನ್ನು ಮೊದಲು ಹಚ್ಚಿ ನೋಡಲೇ ಅಥವಾ ಕ್ಯಾಸೆಟ್ಟನ್ನು ಮೊದಲು ಉಳಿಸಿಕೊಳ್ಳಲೇ ಎಂಬುದು ನನ್ನ ಪ್ರಶ್ನೆ. ಮನೆಯಲ್ಲಿ ರೂಟರಿನ ಹಳೆಯ 9 ವೋಲ್ಟ್ ಅಡಾಪ್ಟರ್ ಒಂದಿದೆ, ಪಿನ್ನು ಸರಿಯಾಗಿ ಕೂರುತ್ತದೆ. ಅದನ್ನೇ ಚುಚ್ಚಬಹುದೇ?

ಚಾಂಪಿಯನ್ ರೀಫ್ · ಕೆಜಿಎಫ್ · ಭಾನುವಾರ ಮಧ್ಯಾಹ್ನ

ದಯವಿಟ್ಟು ಚುಚ್ಚಬೇಡಿ! ಈಗಿನ ಅಡಾಪ್ಟರ್‌ಗಳಲ್ಲಿ ಬಹುಪಾಲು ಪಿನ್ನಿನ ಒಳಭಾಗ ಧನ, ಹೊರಭಾಗ ಋಣ. ಸ್ಪೆಕ್ಟ್ರಮ್ಮಿನಲ್ಲಿ ಅದು ತಿರುವುಮುರುವು, ಒಳಗೆ ಋಣ. ಪಿನ್ನು ಕೂರುತ್ತದೆ ಎಂಬ ಧೈರ್ಯದಲ್ಲಿ ಚುಚ್ಚಿ ಸುಟ್ಟುಕೊಂಡ ಯಂತ್ರಗಳನ್ನು ನಾನೇ ಎರಡು ಬಾರಿ ಮೇಜಿನ ಮೇಲೆ ಕಂಡಿದ್ದೇನೆ. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರಿನವನು ನಾನು, ಕರೆಂಟಿನ ವಿಷಯದಲ್ಲಿ ನನ್ನ ಮಾತು ನಡೆಯಲಿ.

ನನ್ನದು ಟಿವಿ, ಟೇಪ್ ರೆಕಾರ್ಡರ್ ರಿಪೇರಿಯ ಕಸುಬು. ಯಂತ್ರಕ್ಕೆ ಅವಸರವಿಲ್ಲ, ಅದು ಇನ್ನೂ ಹತ್ತು ವರ್ಷ ಪಂಚೆಯಲ್ಲಿ ಮಲಗಿದ್ದರೂ ಹೆಚ್ಚಿನ ನಷ್ಟವಾಗುವುದಿಲ್ಲ. ಮೊದಲು ಕ್ಯಾಸೆಟ್ಟನ್ನು ನೋಡಿ. ರೀಲಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಾಣುತ್ತದೆಯೇ? ಟೇಪನ್ನು ಪ್ಲೇಯರಿನ ತಲೆಗೆ (ಹೆಡ್) ಒತ್ತಿಹಿಡಿಯುವ ಸಣ್ಣ ಮೆತ್ತೆ ಉದುರಿದೆಯೇ? ಮೆತ್ತೆ ಉದುರಿದ್ದರೆ ಬೇರೊಂದು ಕ್ಯಾಸೆಟ್ಟಿನ ಚಿಪ್ಪನ್ನು ಬಿಚ್ಚಿ ರೀಲನ್ನು ಅದಕ್ಕೆ ಬದಲಾಯಿಸಬೇಕಾಗುತ್ತದೆ. ಬೂಷ್ಟಿದ್ದರೆ ಪ್ಲೇಯರ್‌ಗೆ ಹಾಕಲೇಬೇಡಿ, ನನಗೆ ಕಳುಹಿಸಿ.

ಎರಡೂ ಇಲ್ಲವೆಂದಾದರೆ ಒಂದು ಒಳ್ಳೆಯ ಪ್ಲೇಯರ್ ಸಂಪಾದಿಸಿ, ತಲೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಹೆಡ್‌ಫೋನ್ ಕಿಂಡಿಯಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದು, 44,100 ಹರ್ಟ್ಸ್ ದರದಲ್ಲಿ, ಎಂದರೆ ಸೆಕೆಂಡಿಗೆ ಅಷ್ಟು ಅಳತೆಯ ಬಿಂದುಗಳಂತೆ, ಎರಡೂ ಬದಿಯನ್ನು ಪೂರ್ತಿ ಧ್ವನಿಮುದ್ರಿಸಿಕೊಳ್ಳಿ. ಎಂಪಿ3 ಮಾಡಬೇಡಿ, ಅದು ಕಿವಿಗೆ ಬೇಡವೆನಿಸಿದ್ದನ್ನು ಕತ್ತರಿಸಿಹಾಕುತ್ತದೆ, ಆದರೆ ಇಲ್ಲಿ ಕೇಳಬೇಕಾದದ್ದು ಕಿವಿಯಲ್ಲ. ಒಮ್ಮೆ ಧ್ವನಿ ಕಡತ ಕೈಸೇರಿತೆಂದರೆ ಆಮೇಲೆ ಕ್ಯಾಸೆಟ್ ಹರಿದುಹೋದರೂ ಪರವಾಗಿಲ್ಲ.

ತಿಪಟೂರು ಕೊಬ್ಬರಿ · ಭಾನುವಾರ ಸಂಜೆ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ಈ ‘ಮನೆ ಕಂಪ್ಯೂಟರ್’ ಎಂಬ ನೆನಪು ನಮ್ಮ ಕಡೆಯವರಲ್ಲಿ ಎಷ್ಟು ಮಂದಿಯದು? ಮಸ್ಕತ್ತಿನ ಮಾವ ಇದ್ದವರದು ಮಾತ್ರ. ನಮ್ಮಂಥವರಿಗೆ ಕಂಪ್ಯೂಟರ್ ಮನೆಯಲ್ಲಿರಲಿಲ್ಲ, ಕಂಪ್ಯೂಟರ್ ಕಲಿಸುವ ಸೆಂಟರಿನಲ್ಲಿತ್ತು. 1994ರಲ್ಲಿ ನಮ್ಮೂರಿನ ಒಂದು ಸೆಂಟರಿಗೆ ಟೈಪಿಂಗ್ ಮುಗಿಸಿದವರನ್ನು ಡಾಸ್ ಮತ್ತು ಲೋಟಸ್ ಎಂಬ ಆಗಿನ ಪಿಸಿ ತಂತ್ರಾಂಶಗಳನ್ನು ಕಲಿಯಲು ಕಳುಹಿಸುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ದಪ್ಪ ಪರದೆ ಸರಿಸಬೇಕು, ಒಳಗೆ ಎಸಿಯ ತಣ್ಣಗಿನ ಗಾಳಿ. ಊರಿನಲ್ಲಿ ಜನರಿಗಿಲ್ಲದ ಎಸಿ ಪೆಟ್ಟಿಗೆಗಿತ್ತು. ಎರಡು ಗಂಟೆಯ ಪಾಠದಲ್ಲಿ ಯಂತ್ರ ಕೈಗೆ ಸಿಗುತ್ತಿದ್ದುದು ಇಪ್ಪತ್ತು ನಿಮಿಷ, ಅದೂ ಇನ್ನೊಬ್ಬನ ಜೊತೆ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕುಳಿತು.

ಸರ್ ಹೊರಗೆ ಕಾಫಿಗೆ ಹೋದ ಹೊತ್ತಿನಲ್ಲಿ ಡೇವ್ ಬರುತ್ತಿದ್ದ. ಪಿಸಿ ಆಟದ ನಾಯಕ, ಕೆಂಪು ಟೋಪಿಯ ಆ ಡೇಂಜರಸ್ ಡೇವ್ ಅಮೆರಿಕದಲ್ಲಿ ಅಷ್ಟೇನೂ ದೊಡ್ಡ ಹೆಸರು ಮಾಡಿದವನಲ್ಲ. ಜಾನ್ ರೊಮೆರೊ 1988ರಲ್ಲಿ ಆಪಲ್ 2 ಯಂತ್ರಕ್ಕೆ ಬರೆದದ್ದನ್ನು ಆಮೇಲೆ ಪಿಸಿಗೆ ತಂದರು. ಆದರೆ ನಮ್ಮಲ್ಲಿ ಅವನನ್ನು ಕಾಣದ ಸೆಂಟರೇ ಇರಲಿಲ್ಲ. ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿದ್ದ, ಕೈಯಿಂದ ಕೈಗೆ ಹೋಗುತ್ತಿದ್ದ, ಅಷ್ಟೇ ಕಾರಣ. ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಇನ್ನೊಂದು ಆಟದಲ್ಲಿ ರಾಜಕುಮಾರಿಯನ್ನು ಬಿಡಿಸಲು 60 ನಿಮಿಷವಿದೆ, ನಮಗೆ ಸಿಗುತ್ತಿದ್ದುದು ಇಪ್ಪತ್ತು. ಆದ್ದರಿಂದ ‘ಮೆಗಾಹಿಟ್’ ಎಂಬ ಮಾತನ್ನು ಕಮಾಂಡಿನ ಮುಂದೆ ಸೇರಿಸಿ, ಶಿಫ್ಟ್ ಮತ್ತು ಎಲ್ ಒತ್ತಿ ಹಂತಗಳನ್ನು ದಾಟುವುದನ್ನು ಆಟಕ್ಕಿಂತ ಮೊದಲೇ ಕಲಿತಿದ್ದೆವು. ಅದನ್ನು ಮೋಸವೆಂದು ಯಾರೂ ಅಂದುಕೊಂಡಿರಲಿಲ್ಲ. ಗಂಟೆಗೆ ಇಷ್ಟು ರೂಪಾಯಿ ಎಂದು ಕೊಟ್ಟವರಿಗೆ ಅಂತಃಪುರ ನೋಡುವ ಹಕ್ಕಿದೆ.

ಹಳೆಯ ಕಂಪ್ಯೂಟರಿನ ಬಗ್ಗೆ ಮಾತು ಬಂದಾಗಲೆಲ್ಲ ಬ್ರಿಟನ್ನಿನವರು ಬರೆದುದನ್ನೇ ನಾವೂ ಒಪ್ಪಿಸುತ್ತೇವೆ. ಅದಕ್ಕೇ ಹೇಳಿದೆ.

ಶಿಡ್ಲಘಟ್ಟದ ಲೆಕ್ಕದ ಮೇಷ್ಟ್ರು · ಭಾನುವಾರ ರಾತ್ರಿ

ತಿಪಟೂರಿನವರ ಮಾತಿನಲ್ಲಿ ನ್ಯಾಯವಿದೆ. ಆದರೆ ಸೆಂಟರಿಗಿಂತ ಹಿಂದೆಯೇ ಕಂಪ್ಯೂಟರ್ ಕೆಲವು ಶಾಲೆಗಳಿಗೆ ಬಂದಿತ್ತೆಂಬುದನ್ನೂ ಸೇರಿಸಿಕೊಳ್ಳೋಣ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯನ್ನು ತಂದು, ಮೊದಲ ಸುತ್ತಿನಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಯಂತ್ರಗಳನ್ನು ಕೊಟ್ಟಿತು. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ ಅಲ್ಲಿನ ಶಾಲಾ ಮಕ್ಕಳಿಗೆಂದು 1981ರಲ್ಲಿ ಹೊರತಂದ ಗಟ್ಟಿಮುಟ್ಟಾದ ಯಂತ್ರ ಅದು. ನೆನಪಿನ ಸಾಮರ್ಥ್ಯ 32ಕೆ. ಹಚ್ಚಿದ ಕೂಡಲೇ ಎರಡು ಸ್ವರದ ಒಂದು ‘ಬೂ-ಬೀಪ್’ ಕೇಳಿಸುತ್ತಿತ್ತು. ಆ ಸದ್ದಿಗೆ ಪಕ್ಕದ ತರಗತಿಯ ಮಕ್ಕಳು ಕಿಟಕಿಯಲ್ಲಿ ನೇತಾಡುತ್ತಿದ್ದರು.

ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ (ಯಾವುದೆಂದು ಹೇಳಲಾರೆ) ಆ ಯಂತ್ರಗಳ ಮೇಲೆ ಹೊಲಿಸಿದ ಬಟ್ಟೆಯ ಹೊದಿಕೆಗಳಿದ್ದವು, ಬೀರುವಿನ ಬೀಗದ ಕೈ ಒಬ್ಬರ ಹತ್ತಿರ ಇತ್ತು, ಅವರಿಗೆ ವರ್ಗವಾಯಿತು. ಅದಾದ ಮೇಲೆ ಒಂದೂವರೆ ವರ್ಷ ಬೀರು ತೆರೆಯಲಿಲ್ಲ. ಕೊನೆಗೆ ಬೀಗ ಒಡೆಸಿದಾಗ ಕೀಲಿಮಣೆಯೊಂದರಲ್ಲಿ ಇಲಿ ಮರಿ ಹಾಕಿತ್ತು. ಬರಬೇಕಾದ ಸಿಟ್ಟು ಈಗಲೂ ಬರುತ್ತದೆ.

ಇರಲಿ. ಹಳೇಮನೆಯವರೇ, ನಿಮ್ಮ ಅಣ್ಣ ಕವಡೆಯನ್ನು ಹೇಗೆ ಬೀಳಿಸಿದ್ದರು? ಲೆಕ್ಕದ ಮೇಷ್ಟ್ರಾದ ನನಗೆ ಮೊದಲು ಹೊಳೆದ ಪ್ರಶ್ನೆ ಅದೇ.

ಕ್ಯಾತ್ಸಂದ್ರದ ಹಳೇಮನೆ · ಸೋಮವಾರ

ರೀಫ್ ಅವರೇ, ಅಡಾಪ್ಟರನ್ನು ಎತ್ತಿ ಮೇಲಿಟ್ಟಿದ್ದೇನೆ, ಜೀವ ಉಳಿಸಿದಿರಿ. ಕ್ಯಾಸೆಟ್ಟಿನಲ್ಲಿ ಬೂಷ್ಟಿಲ್ಲ, ಮೆತ್ತೆಯೂ ಇದೆ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಕೊಡಬೇಕಾಗುತ್ತದೆ.

ಆಟವನ್ನು ಅಣ್ಣ ಬರೆದದ್ದೇ ಅಜ್ಜಿಗಾಗಿ. ಅಜ್ಜಿಗೆ ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಸೀಮೆಸುಣ್ಣದಿಂದ ಐದು ಮನೆ ಅಡ್ಡ, ಐದು ಮನೆ ಉದ್ದ ಗೀಚಿ ಚೌಕಾಬಾರ ಆಡದಿದ್ದರೆ ದಿನ ಕಳೆಯುತ್ತಿರಲಿಲ್ಲ. ಟಿವಿಯಲ್ಲಿ ಮಾವನ ಆಟಗಳು ಓಡುತ್ತಿದ್ದಾಗ ಅವರು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಅಣ್ಣನಿಗೆ ಅದೊಂದು ಹಟವಾಯಿತು.

ಸ್ಪೆಕ್ಟ್ರಮ್ಮಿನಲ್ಲಿ ನಮಗೆ ಬೇಕಾದ ಆಕಾರಗಳನ್ನು ಬರೆದುಕೊಳ್ಳಲು 21 ಅಕ್ಷರಗಳ ಜಾಗ ಬಿಟ್ಟಿರುತ್ತಾರೆ, ಒಂದೊಂದಕ್ಕೂ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಅಣ್ಣ ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಮನೆಗಳನ್ನು ಕಪ್ಪು ಮಾಡಿ, ಒಂದೊಂದು ಸಾಲನ್ನೂ ಸೊನ್ನೆ ಒಂದುಗಳಲ್ಲಿ ಬರೆದು ತುಂಬುತ್ತಿದ್ದ. ಅಂಗಾತ ಬಿದ್ದ ಕವಡೆಗೆ ಒಂದು, ಬೋರಲು ಬಿದ್ದದ್ದಕ್ಕೆ ಒಂದು, ಕಾಯಿಗೆ ಒಂದು, ಕಟ್ಟೆಯ ಗುಣಿಸು ಗುರುತಿಗೆ ಒಂದು. ಉಳಿದ 17ರಲ್ಲಿ ಕನ್ನಡ ಬರಬೇಕು. ‘ಕ’ ಮತ್ತು ‘ರ’ ಹೇಗೋ ಎಂಟು ಚುಕ್ಕೆಯೊಳಗೆ ಕುಳಿತವು. ‘ಚೌ’ ಕೂರಲಿಲ್ಲ, ಅದಕ್ಕೆ ಎರಡು ಮನೆ ಕೊಟ್ಟ. ‘ಗೆದ್ದಿರಿ’ ಎಂದು ಬರೆಯಲು ಹೋದರೆ ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು ಸಾಲು ಬೇಕು. ಎರಡು ದಿನ ಒದ್ದಾಡಿ ಕೊನೆಗೆ ‘ಜಯ’ ಎಂದು ಹಾಕಿ ಮುಗಿಸಿದ. ಒತ್ತಿಲ್ಲದ ಮಾತುಗಳನ್ನು ಹುಡುಕುತ್ತಾ ಮನೆಯವರೆಲ್ಲ ಊಟಕ್ಕೆ ಕುಳಿತದ್ದು ನೆನಪಿದೆ.

ಆ ಗ್ರಾಫ್ ಹಾಳೆಗಳೂ ಟ್ರಂಕಿನಲ್ಲಿವೆ.

ಇನ್ನು ಕವಡೆ. ಮೊದಲ ಸಲ ಆಡಿದ ದಿನವೇ ಅಜ್ಜಿ ನಾಲ್ಕೈದು ಸುತ್ತು ನೋಡಿ, ‘ಈ ಪೆಟ್ಟಿಗೆಯ ಕವಡೆ ಸರಿಯಿಲ್ಲ, ಇಷ್ಟು ಸಲ ಚೌಕ, ಬಾರ ಎಲ್ಲಾದರೂ ಬೀಳುತ್ತದೆಯೇ?’ ಎಂದು ಎದ್ದುಬಿಟ್ಟರು. ಅಣ್ಣ ಅದನ್ನು ತಿದ್ದಿ ಇನ್ನೊಂದು ಆಟ ಬರೆದ. ಅದು ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿದೆ.

ಮಧುಗಿರಿ ಬೆಟ್ಟ · ಸೋಮವಾರ

‘ಜಯ’ದ ಕಥೆ ಓದಿ ನಕ್ಕೆ. ನಾನು ಹುಡುಗಿಯಾಗಿದ್ದ ಕಾಲದ ಒಂದು ಮಾತನ್ನು ಸೇರಿಸುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗೆ ಬಂದದ್ದು ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್, ಜಪಾನಿನ ಫ್ಯಾಮಿಕಾಮ್‌ನ ನಕಲು. ಕಾರ್ಟ್ರಿಜ್ ಮೇಲೆ ‘9999999 ಆಟಗಳು’ ಎಂದಿರುತ್ತಿತ್ತು, ಒಳಗೆ ಇರುತ್ತಿದ್ದುದು ಬೆರಳೆಣಿಕೆಯಷ್ಟು ಆಟಗಳ ಹೆಸರು ಬದಲಾಯಿಸಿದ ಸುತ್ತು. ಕಾಂಟ್ರಾ ಎಂಬ ಆಟದಲ್ಲಿ 30 ಪ್ರಾಣ ಪಡೆಯುವ ಮೇಲೆ-ಮೇಲೆ-ಕೆಳಗೆ-ಕೆಳಗೆ ಮಂತ್ರ ನನಗೆ ಬಾಯಿಪಾಠವಿತ್ತು, ಆದರೆ ಒಂದನೆಯ ಕಂಟ್ರೋಲರ್ ತಮ್ಮನ ಕೈಯಲ್ಲಿರುತ್ತಿತ್ತು. ಮಂತ್ರ ನನ್ನದು, ಬೆರಳು ಅವನದು.

ಆಮೇಲೆ ‘ಕಂಪ್ಯೂಟರ್’ ಎಂದೇ ಹೇಳಿ ಮಾರುತ್ತಿದ್ದ ಕೀಲಿಮಣೆಯ ಗೇಮ್ ಒಂದು ಬಂತು. ತಮ್ಮನಿಗೆ ಅದರಲ್ಲಿದ್ದ ಬೇಸಿಕ್ ಬೇಡವಾಗಿತ್ತು, ಹೀಗಾಗಿ ಅದು ನನ್ನ ಪಾಲಿಗೆ ಬಿತ್ತು. ಉಳಿಸಿಡುವ ಸೌಲಭ್ಯವಿರಲಿಲ್ಲ. ಕರೆಂಟ್ ಹೋದರೆ ಬರೆದದ್ದೆಲ್ಲ ಹೋಯಿತು. ಅದಕ್ಕಾಗಿ ನೋಟ್ ಪುಸ್ತಕದಲ್ಲಿ ಮೊದಲು ಬರೆದು, ಕರೆಂಟ್ ಬಂದಾಗಲೆಲ್ಲ ಮತ್ತೆ ಹೊಡೆಯುತ್ತಿದ್ದೆ. ಇವತ್ತು ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಈಗಲೂ ಕಾಗದದ ಮೇಲೆ ಬರೆಯದೆ ಕೀಲಿ ಮುಟ್ಟುವುದಿಲ್ಲ. ತಿಪಟೂರಿನವರು ಹೇಳಿದ ಹಾಗೆ ಇದು ಎಲ್ಲರ ನೆನಪಲ್ಲ, ಒಪ್ಪುತ್ತೇನೆ. ಆದರೆ ಒಂದೇ ಮನೆಯಲ್ಲಿಯೂ ಎಲ್ಲರ ನೆನಪು ಒಂದೇ ಆಗಿರಲಿಲ್ಲ.

ಶಿಡ್ಲಘಟ್ಟದ ಲೆಕ್ಕದ ಮೇಷ್ಟ್ರು · ಮಂಗಳವಾರ

ಅಜ್ಜಿಗೆ ನನ್ನ ನಮಸ್ಕಾರ. ಅವರು ಹಿಡಿದ ತಪ್ಪು ಅಸಲಿ ತಪ್ಪು.

ಚೌಕಾಬಾರದ ಗರ ಐದು ಬಗೆ: ಒಂದು, ಎರಡು, ಮೂರು, ಚೌಕ ಎಂದರೆ ನಾಲ್ಕು, ಬಾರ ಎಂದರೆ ಎಂಟು. ಹೊಸದಾಗಿ ಪ್ರೋಗ್ರಾಂ ಬರೆಯುವವನು ಐದರಲ್ಲಿ ಒಂದನ್ನು ಸಮನಾಗಿ ಆರಿಸು ಎಂದು ಬರೆಯುತ್ತಾನೆ. ಹಾಗೆ ಮಾಡಿದರೆ ಐದು ಸಲಕ್ಕೆ ಎರಡು ಸಲ ಚೌಕ ಅಥವಾ ಬಾರ ಬಿದ್ದು, ಮೇಲೊಂದು ಆಟ ಸಿಗುತ್ತದೆ. ನಾಲ್ಕು ಕವಡೆಗಳೂ ಅಂಗಾತ ಅಥವಾ ಬೋರಲು ಬೀಳುವ ಸಾಧ್ಯತೆ ಸರಿಸಮ ಎಂದಿಟ್ಟುಕೊಂಡರೆ ನಿಜವಾದ ಲೆಕ್ಕ ಬೇರೆ. ಒಟ್ಟು 16 ಬಗೆಯಲ್ಲಿ ನಾಲ್ಕೂ ಅಂಗಾತ ಬೀಳುವುದು ಒಂದು ಬಗೆ, ನಾಲ್ಕೂ ಬೋರಲು ಬೀಳುವುದು ಒಂದು ಬಗೆ. ಅಂದರೆ ಎಂಟು ಸಲಕ್ಕೆ ಒಂದು. ಎರಡು ಬೀಳುವುದೇ ಹೆಚ್ಚು, 16ರಲ್ಲಿ ಆರು. (ಅಸಲಿ ಕವಡೆ ಸರಿಸಮವಾಗಿಯೂ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಬಳಸುತ್ತಿದ್ದ, ಒಂದು ಬದಿ ತೇದ ಹುಣಸೆ ಬೀಜವಂತೂ ತೇದವರ ಮರ್ಜಿಯಂತೆ ಬೀಳುತ್ತಿತ್ತು.) ಐವತ್ತು ವರ್ಷ ಜಗುಲಿಯಲ್ಲಿ ಕವಡೆ ಹಾಕಿದವರಿಗೆ ಈ ಲೆಕ್ಕ ಕೈಯಲ್ಲಿಯೇ ಇರುತ್ತದೆ.

ಇನ್ನೊಂದು ವಿಷಯ. ಬೇಸಿಕ್‌ನಲ್ಲಿ ಮನಬಂದ ಸಂಖ್ಯೆ ಕೇಳಲು ಬರೆಯುವ ಸ್ಪೆಕ್ಟ್ರಮ್ಮಿನ ‘ಆರ್‌ಎನ್‌ಡಿ’ ನಿಜವಾಗಿ ಕವಡೆಯಲ್ಲ, ಅದು ಗುಣಾಕಾರ. ಹಿಂದಿನ ಸಂಖ್ಯೆಗೆ 1 ಕೂಡಿಸಿ, 75ರಿಂದ ಗುಣಿಸಿ, 65537ರಿಂದ ಭಾಗಿಸಿ, ಉಳಿದ ಶೇಷದಿಂದ 1 ಕಳೆಯಬೇಕು. ಅದನ್ನು 65536ರಿಂದ ಭಾಗಿಸಿದರೆ ಬರುವ ದಶಾಂಶವೇ ಅದರ ಉತ್ತರ. ಯಂತ್ರ ಹಚ್ಚಿದಾಗ ಆ ಹಿಂದಿನ ಸಂಖ್ಯೆ ಯಾವಾಗಲೂ ಸೊನ್ನೆ. ‘ರಾಂಡಮೈಜ್’ ಎಂಬ ಆಜ್ಞೆ ಕೊಟ್ಟರೆ ಯಂತ್ರದ ಗಡಿಯಾರದಿಂದ ಬೇರೆ ಆರಂಭ ಸಿಗುತ್ತದೆ, ಕೊಡದಿದ್ದರೆ ಪ್ರತಿದಿನವೂ ಅದೇ ಸಾಲು: 74, 5624, 28652, 51790, 17641.

ಇದನ್ನು ಐದು ಸಮಭಾಗಗಳಿಗೆ ಹೊಂದಿಸಿ ನೋಡಿದೆ. ನಿಮ್ಮ ಅಣ್ಣ ಮೊದಲ ಆಟದಲ್ಲಿ ‘ರಾಂಡಮೈಜ್’ ಬರೆಯದೇ ಇದ್ದು, ಗರಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಿದ್ದರೆ, ಯಂತ್ರ ಹಚ್ಚಿದ ಮೇಲಿನ ಮೊದಲ ಆಟದಲ್ಲಿ ಗರಗಳು ಹೀಗೆ ಬೀಳಬೇಕು: ಒಂದು, ಒಂದು, ಮೂರು, ಚೌಕ, ಚೌಕದ ಮೇಲಾಟಕ್ಕೆ ಎರಡು. ಎಂದರೆ ಎರಡನೆಯದಾಗಿ ಆಡಿದವರಿಗೆ ಅವರ ಎರಡನೆಯ ಗರದಲ್ಲಿಯೇ ಚೌಕ. ಹೌದೋ ಅಲ್ಲವೋ?

ಕ್ಯಾತ್ಸಂದ್ರದ ಹಳೇಮನೆ · ಮಂಗಳವಾರ ರಾತ್ರಿ

ಮೇಷ್ಟ್ರೇ, ನಾನು ಮೂವತ್ತೇಳು ವರ್ಷ ಬಚ್ಚಿಟ್ಟುಕೊಂಡದ್ದನ್ನು ನೀವು ಪೆನ್ನು ಕಾಗದದಲ್ಲಿ ಹೊರಗೆ ಹಾಕಿದಿರಿ.

ಹೌದು. ಲೆಕ್ಕ ಗೊತ್ತಿರಲಿಲ್ಲ, ಆದರೆ ‘ಒಂದು, ಒಂದು, ಮೂರು, ಚೌಕ’ ಎಂಬುದು ಮೂರನೆಯ ದಿನಕ್ಕೆ ನನಗೆ ತಿಳಿದುಹೋಗಿತ್ತು. ಯಾರು ಮೊದಲು ಎಂದು ಆಟ ಕೇಳುತ್ತಿತ್ತು. ನಾನು ಬಹಳ ವಿನಯದಿಂದ ‘ನೀವೇ ಮೊದಲು ಹಾಕಿ ಅಜ್ಜಿ’ ಎನ್ನುತ್ತಿದ್ದೆ. ದೊಡ್ಡವರಿಗೆ ಮರ್ಯಾದೆ ಕೊಡುವ ಹುಡುಗ ಎಂದು ಅಜ್ಜಿ ಬೀದಿಗೆಲ್ಲ ಹೇಳಿದ್ದರು.

ತಿಪಟೂರು ಕೊಬ್ಬರಿ · ಬುಧವಾರ

ಮೆಗಾಹಿಟ್‌ಗೆ ಹಕ್ಕು ಕೇಳಿದ ನನ್ನನ್ನು ಮೊನ್ನೆ ಎಷ್ಟು ಮಂದಿ ಓರೆಗಣ್ಣಿನಲ್ಲಿ ನೋಡಿದಿರಿ! ಮಸ್ಕತ್ತಿನ ಮಾವ ಇದ್ದವರೂ ನಮ್ಮ ಜಾತಿಯವರೇ ಎಂದು ಈಗ ತಿಳಿಯಿತು. ನನ್ನ ಆಕ್ಷೇಪಣೆಯನ್ನು ಅರ್ಧ ಹಿಂದೆಗೆದುಕೊಳ್ಳುತ್ತೇನೆ, ಪೂರ್ತಿಯಲ್ಲ. ಚೌಕಾಬಾರದ ಕ್ಯಾಸೆಟ್ಟಿಗಾಗಿ ಕಾಯುತ್ತಿದ್ದೇನೆ. ಇದನ್ನು ಯಾವ ಬ್ರಿಟನ್ನಿನವನೂ ಬರೆದಿಟ್ಟಿಲ್ಲ.

ಒಂದು ಮಾತು ಮಾತ್ರ ಸೇರಿಸಬೇಕು. ನಮ್ಮ ಸೆಂಟರಿನಲ್ಲಿ ನಾನು ಮೊದಲು ಪ್ರೋಗ್ರಾಂ ಒಳಗೆ ಕೈ ಹಾಕಿದ್ದೂ ಆಟದಿಂದಲೇ. 1991ರ ಡಾಸ್ 5ರ ಜೊತೆ ಬೇಸಿಕ್ ಬರೆಯಲು ಕ್ಯೂಬೇಸಿಕ್ ಬರುತ್ತಿತ್ತು, ಅದರ ಜೊತೆ ಎರಡು ಗೊರಿಲ್ಲಾಗಳು ಕಟ್ಟಡಗಳ ಮೇಲೆ ನಿಂತು ಬಾಳೆಹಣ್ಣು ಎಸೆದಾಡುವ ಆಟ. ಅದರ ಬರಹವೆಲ್ಲ ತೆರೆದ ಪುಸ್ತಕ. ಕೋನ ಮತ್ತು ವೇಗ ಕೇಳುವ ಮೊದಲು ಗುರುತ್ವ ಎಷ್ಟಿರಲಿ ಎಂದು ಕೇಳಿ 9.8 ಎಂದು ತಾನೇ ಸೂಚಿಸುತ್ತಿತ್ತು. ಭೌತವಿಜ್ಞಾನದ ಪುಸ್ತಕದಲ್ಲಿ ಗಿಳಿಪಾಠ ಮಾಡಿದ್ದ ಆ ಸಂಖ್ಯೆಯನ್ನು 1 ಮಾಡಿ, ಬಾಳೆಹಣ್ಣು ತೆರೆಯ ಆಚೆ ಹಾರಿಹೋದದ್ದನ್ನು ಕಂಡಾಗ ಅದು ಏನೆಂದು ಮೊದಲ ಸಲ ಅರ್ಥವಾಯಿತು.

ಚಾಂಪಿಯನ್ ರೀಫ್ · ಗುರುವಾರ

ಹಳೇಮನೆಯವರು ನಿನ್ನೆ ರಾತ್ರಿ ಎರಡೂ ಬದಿಯ ಧ್ವನಿ ಕಡತ ಕಳುಹಿಸಿದರು. ಮೊದಲನೆಯ ಬದಿ ಒಂದೇ ಏಟಿಗೆ ಬಂತು. ಅದರಲ್ಲಿ ಎರಡು ಪ್ರೋಗ್ರಾಂಗಳಿವೆ. ಎರಡನೆಯ ಬದಿಯಲ್ಲಿ ‘ಟೇಪ್ ಲೋಡಿಂಗ್ ಎರರ್’.

ಗೊತ್ತಿಲ್ಲದವರಿಗೆ ಆ ಕೀರಲು ಸದ್ದಿನ ಗುಟ್ಟನ್ನು ಹೇಳುತ್ತೇನೆ. ಮೊದಲು ಐದು ಸೆಕೆಂಡು ಒಂದೇ ಸಮನೆಯ ಸ್ವರ, ಆಗ ತೆರೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಓಡುತ್ತವೆ. ಆಮೇಲೆ ಗರಗರ ಸದ್ದಿನೊಡನೆ ನೀಲಿ ಮತ್ತು ಹಳದಿ ಸಣ್ಣ ಗೆರೆಗಳು. ಆ ಗರಗರದಲ್ಲಿ ‘0’ ಎಂದರೆ ಒಂದು ಗಿಡ್ಡ ಅಲೆ, ‘1’ ಎಂದರೆ ಅದರ ಸರಿಯಾಗಿ ಎರಡರಷ್ಟು ಉದ್ದದ ಅಲೆ. ನಾವು ಮುದ್ರಿಸಿದ ದರದಲ್ಲಿ ಗಿಡ್ಡದ್ದಕ್ಕೆ ಸುಮಾರು 21.5 ಬಿಂದು, ಉದ್ದದ್ದಕ್ಕೆ ಸುಮಾರು 43. ಕಣ್ಣಿನಲ್ಲಿಯೇ ಅಳೆಯಬಹುದು. ಕೊನೆಯಲ್ಲಿ ತಾಳೆ ನೋಡಲು ಒಂದು ಬೈಟ್ ಇರುತ್ತದೆ, ಎಲ್ಲೋ ಒಂದು ಬಿಟ್ ತಪ್ಪಿದರೂ ತಾಳೆಯಾಗದೆ ಯಂತ್ರ ಕೈಚೆಲ್ಲುತ್ತದೆ.

ಎರಡು ಗಂಟೆ ಅಲೆಗಳನ್ನು ಹಿಗ್ಗಿಸಿ ನೋಡಿದೆ. ಒಂದು ಕಡೆ ಟೇಪ್ ಕೂದಲೆಳೆಯಷ್ಟು ಸುಕ್ಕಾಗಿ ಹನ್ನೊಂದು ಅಲೆಗಳು ಅಳಿಸಿಹೋಗಿವೆ. ಅವುಗಳಲ್ಲಿ ಒಂಬತ್ತರ ಅಳತೆ ಈಗಲೂ ಸಿಗುತ್ತದೆ. ಉಳಿದ ಎರಡಕ್ಕೆ ನಾಲ್ಕು ಸಾಧ್ಯತೆ, ತಾಳೆ ಬೈಟಿಗೆ ಹೊಂದುವುದು ಒಂದೇ. ಕಡತದಲ್ಲಿ ಅದನ್ನು ಕೈಯಿಂದ ತಿದ್ದಿದ್ದೇನೆ. ತೆರೆಯ ಮೇಲೆ ಹೆಸರು ಮೂಡಿತು. ಸ್ಪೆಕ್ಟ್ರಮ್ ಹೆಸರಿಗೆ ಕೊಡುವುದು ಹತ್ತೇ ಅಕ್ಷರ. ಮೊದಲನೆಯ ಬದಿಯಲ್ಲಿ ‘ಚೌಕಾಬಾರ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸರಿಯಾಗಿ ಹತ್ತು ತುಂಬಿದೆ. ಎರಡನೆಯ ಬದಿಯಲ್ಲಿ ಜಾಗ ಸಾಲದೆ ‘ಚೌಕ 2’ ಎಂದಷ್ಟೇ ಇದೆ.

ಯಂತ್ರವನ್ನು ಮುಂದಿನ ವಾರ ತನ್ನಿ. ಉಬ್ಬಿದ ಕೆಪಾಸಿಟರ್‌ಗಳನ್ನು ಬದಲಾಯಿಸಿ, ಕೀಲಿಗಳ ಕೆಳಗಿನ ಹಾಳೆ ಹೊಸದು ತರಿಸಬೇಕಾಗುತ್ತದೆ, ಹಳೆಯದು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಅಲ್ಲಿಯವರೆಗೆ ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್ಮಿನಂತೆಯೇ ವರ್ತಿಸುವ ಎಮ್ಯುಲೇಟರಿನಲ್ಲಿ ಆಡಿಕೊಳ್ಳಿ.

ಶಿಡ್ಲಘಟ್ಟದ ಲೆಕ್ಕದ ಮೇಷ್ಟ್ರು · ಗುರುವಾರ ರಾತ್ರಿ

ಹಳೇಮನೆಯವರು ‘ಚೌಕ 2’ ತೆರೆಯುವ ಮೊದಲು ನನ್ನದೊಂದು ಪಂಥ. ಎರಡನೆಯ ಆಟದಲ್ಲಿ ಅಣ್ಣ ನಾಲ್ಕು ಕವಡೆಗಳನ್ನು ಬೇರೆ ಬೇರೆಯಾಗಿ ಬೀಳಿಸಿ, ಅರ್ಧಕ್ಕಿಂತ, ಎಂದರೆ 65536ರ ಅರ್ಧವಾದ 32768ಕ್ಕಿಂತ, ಕಡಿಮೆ ಬಂದರೆ ಅಂಗಾತ ಎಂದು ಬರೆದಿರಬೇಕು. ಆಗಲೂ ‘ರಾಂಡಮೈಜ್’ ಇಲ್ಲದಿದ್ದರೆ ಮೊದಲ ನಾಲ್ಕು ಸಂಖ್ಯೆಗಳಲ್ಲಿ ಮೂರು ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಮೊದಲ ಗರ ಮೂರು. ಮುಂದಿನ ನಾಲ್ಕು 17641, 12409, 13231, 9344. ನಾಲ್ಕೂ ಅರ್ಧಕ್ಕಿಂತ ಕಡಿಮೆ. ಎರಡನೆಯದಾಗಿ ಆಡುವವರಿಗೆ ಮೊದಲ ಗರವೇ ಚೌಕ. ನಿಮ್ಮ ವಿನಯಕ್ಕೆ ಇನ್ನೂ ಬೇಗ ಫಲ ಸಿಗುತ್ತಿತ್ತು.

ಕ್ಯಾತ್ಸಂದ್ರದ ಹಳೇಮನೆ · ಶುಕ್ರವಾರ

ಪಂಥ ಗೆದ್ದಿರಿ ಮೇಷ್ಟ್ರೇ. ಮೂರು, ಆಮೇಲೆ ಚೌಕ. ಆದರೆ ಫಲ ನನಗೆ ಸಿಗುತ್ತಿರಲಿಲ್ಲ.

‘ಚೌಕ 2’ರಲ್ಲಿ ಯಾರು ಮೊದಲು ಎಂದು ಆಟ ಕೇಳುವುದೇ ಇಲ್ಲ. ಕೆಂಪು ಕಾಯಿ ಮೊದಲು, ಹಳದಿ ಆಮೇಲೆ ಎಂದು ಕಟ್ಟುಹಾಕಿದ್ದಾನೆ. ಕೆಂಪು ನನ್ನದು, ಹಳದಿ ಅಜ್ಜಿಯದು. ನಮ್ಮ ಮನೆಯಲ್ಲಿ ಅದು ಎಂದೂ ಬದಲಾಗಲಿಲ್ಲ. ಆ ಬೇಸಿಗೆಯ ರಜೆಯಲ್ಲಿ ದಿನಾ ಮಧ್ಯಾಹ್ನ ಯಂತ್ರ ಹಚ್ಚಿ, ಟೇಪ್ ಹಾಕಿ, ಮೊದಲ ಆಟಕ್ಕೆ ಕುಳಿತ ಕೂಡಲೇ ಅಜ್ಜಿಗೆ ಚೌಕ ಬೀಳುತ್ತಿತ್ತು. ‘ಈಗ ಸರಿಯಾಗಿ ಬೀಳುತ್ತಿದೆ ನೋಡು ಕವಡೆ’ ಎಂದು ಅವರು ಅಣ್ಣನ ಬೆನ್ನು ತಟ್ಟುತ್ತಿದ್ದರು. ನನಗೆ ಅಳು ಬರುತ್ತಿತ್ತು.

ಅಣ್ಣನಿಗೆ ‘ರಾಂಡಮೈಜ್’ ಗೊತ್ತಿರಲಿಲ್ಲವೇನೋ ಎಂದುಕೊಂಡೆ. ಮೊದಲ ಬದಿಯಲ್ಲಿ ಚೌಕಾಬಾರದ ನಂತರ ಸಂಖ್ಯೆ ಊಹಿಸುವ ಒಂದು ಸಣ್ಣ ಆಟವಿದೆ, ಚೀಟಿಯಲ್ಲಿ ತಾರೀಖು ಏಪ್ರಿಲ್ ಎಂದಿದೆ. ಅದರ ಎರಡನೆಯ ಸಾಲಿನಲ್ಲಿಯೇ ‘ರಾಂಡಮೈಜ್’ ಇದೆ. ‘ಚೌಕ 2’ರ ತಾರೀಖು ಮೇ. ಅಂದರೆ ಗೊತ್ತಿದ್ದೂ ಬರೆಯಲಿಲ್ಲ.

ಅಣ್ಣ ಈಗ ಕೆನಡಾದಲ್ಲಿದ್ದಾನೆ. ನಿನ್ನೆ ರಾತ್ರಿ ಫೋನ್ ಮಾಡಿ ಸಾಲು ಸಾಲಾಗಿ ಓದಿ ಹೇಳಿದೆ. ಬಹಳ ಹೊತ್ತು ನಕ್ಕ. ಆಮೇಲೆ, ‘ನೀವೇ ಮೊದಲು ಹಾಕಿ ಅಜ್ಜಿ ಅಂತ ದಿನಾ ಅಂತಿದ್ಯಲ್ಲ, ನಾನು ಅಡುಗೆಮನೇಲಿ ಕೂತು ಕೇಳಿಸ್ಕೊಳ್ತಾ ಇರಲಿಲ್ಲ ಅಂದ್ಕೊಂಡ್ಯಾ?’ ಎಂದ.

ಮಧುಗಿರಿ ಬೆಟ್ಟ · ಶುಕ್ರವಾರ

ಹಳೇಮನೆಯವರೇ, ಆ ಗ್ರಾಫ್ ಹಾಳೆಗಳ ಚಿತ್ರ ತೆಗೆದು ಹಾಕುತ್ತೀರಾ? ಎಂಟು ಚುಕ್ಕೆಯ ‘ಕ’ ಹೇಗೆ ಕುಳಿತಿದೆ ಎಂದು ನೋಡುವ ಆಸೆ.

ಚಾಂಪಿಯನ್ ರೀಫ್ · ಶನಿವಾರ

ಎರಡೂ ಆಟಗಳ ತಿದ್ದಿದ ಕಡತವನ್ನು ಹಳೇಮನೆಯವರ ಅನುಮತಿ ಪಡೆದು ಭಾನುವಾರ ಹಾಕುತ್ತೇನೆ. ಬೇಕಾದವರು ಇಳಿಸಿಕೊಂಡು ಆಡಬಹುದು. ಮೇಷ್ಟ್ರಿಗೆ ಮಾತ್ರ ಹಳದಿ ಕಾಯಿ ಕೊಡಬಾರದು.